ಕೊಲೆಯ ಖಟ್ಲೆಯೂ ಸಾಕ್ಷ್ಯದ ನಕಲೂ

ಗುಂಡೇಟಿನಿಂದ ಒಬ್ಬನ ಪ್ರಾಣಹೋಗಿ, ಹಾರಿಸಿದವರು ಯಾರು, ಹಾರಿಸಲು ಕಾರಣವೇನು ಎಂಬ ವಿಷಯದಲ್ಲಿ ಎರಡು ಮಾತು ಹುಟ್ಟಿದರೆ, ಅದನ್ನು ತೀರ್ಮಾನಿಸತಕ್ಕದ್ದು ನ್ಯಾಯಸ್ಥಾನವೇ ಹೊರತು ಸಂತೆಯ ಕಟ್ಟೆಯಲ್ಲ. ಇದನ್ನು ಒಪ್ಪದವರು ನಮ್ಮ ವಾಚಕರಲ್ಲಿ ಇರಲಾರರು. ಆದರೆ ಇದರ ಬೆನ್ನಿಗೇ ಮತ್ತೊಂದು ಪ್ರಶ್ನೆ ಏಳುತ್ತದೆ. ಬಾಗಿಲು ತೆರೆದಿಟ್ಟು ನಡೆಸಿದ ವಿಚಾರಣೆಯಲ್ಲಿ ಸಾಕ್ಷಿಗಳು ನುಡಿದದ್ದನ್ನೂ, ನ್ಯಾಯಾಧೀಶರು ನಿಶಾನೆ ಹಾಕಿ ಸ್ವೀಕರಿಸಿದ ದಸ್ತಾವೇಜುಗಳನ್ನೂ, ಆ ದಿನ ಅಲ್ಲಿಗೆ ಹೋಗಿ ಕುಳಿತುಕೊಳ್ಳಲಾರದ ಪ್ರಜೆಯು ತರುವಾಯ ಓದಿ ತಿಳಿಯಬಹುದೋ, ತಿಳಿಯಬಾರದೋ? ಈಗಿರುವ ಏರ್ಪಾಡಿನಲ್ಲಿ ಇದಕ್ಕೆ ದೊರೆಯುವ ಉತ್ತರವು ನಮಗೆ ಸಮಾಧಾನಕರವಾಗಿ ತೋರುವುದಿಲ್ಲ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳವರಿಗೆ ಇದು ಬರಿಯ ಪುಸ್ತಕದ ಪ್ರಶ್ನೆಯಲ್ಲ. 2005ರ ಫೆಬ್ರವರಿ 6ರಂದು ಮೆಣಸಿನಹಾಡ್ಯದ ಕಡೆಯ ಕಾಡಿನಲ್ಲಿ ನಕ್ಸಲರ ಮುಂದಾಳು ಸಾಕೇತ್ ರಾಜನ್ ಪೋಲೀಸರ ಗುಂಡಿಗೆ ಬಲಿಯಾದಾಗ, ಅದು ಇದಿರುಬದಿರಿನ ಕಾಳಗವೆಂದು ಸರ್ಕಾರದವರು ಹೇಳಿದರು; ಹಾಗಲ್ಲವೆಂದು ನಾಗರಿಕ ಹಕ್ಕುಗಳ ಪರವಾದವರು ಹೇಳಿದರು. 2014ರ ಏಪ್ರಿಲ್ 19ರಂದು ಶೃಂಗೇರಿ ತಾಲ್ಲೂಕಿನ ತನಿಕೋಡು ತಪಾಸಣಾ ಠಾಣೆಯ ಬಳಿ, ದನಗಳನ್ನು ಸಾಗಿಸುತ್ತಿದ್ದ ವಾಹನದಲ್ಲಿ ಬಂದ ಕರಾವಳಿಯ ಯುವಕನೊಬ್ಬನು ನಕ್ಸಲ್ ನಿಗ್ರಹ ದಳದವರ ಗುಂಡಿಗೆ ಸಿಕ್ಕಿ ಸತ್ತನು. ನಕ್ಸಲರಿರಬಹುದೆಂದು ಶಂಕಿಸಿ ಹಾರಿಸಿದುದೆಂದು ಒಂದು ಕಡೆಯ ಮಾತು; ನಿರಾಯುಧನನ್ನು ಅನ್ಯಾಯವಾಗಿ ಕೊಂದರೆಂದು ಮತ್ತೊಂದು ಕಡೆಯ ಮಾತು. ತನಿಖೆಯು ಸಿ.ಐ.ಡಿ.ಯವರ ಕೈಗೆ ಹೋಯಿತು. ಆದರೆ ತನಿಖೆ ಮುಗಿಯುವವರೆಗೆ ಕಾದುಕೊಂಡಿದ್ದವರು ಎಷ್ಟು ಮಂದಿ? ದಳದವನ ಪರವಾಗಿಯೂ ಸತ್ತವನ ಪರವಾಗಿಯೂ ಜನರು ಬೀದಿಗಿಳಿದರು; ಎರಡು ಕಡೆಯವರಲ್ಲಿ ಒಬ್ಬರಾದರೂ ಮಹಜರನ್ನು ಕಣ್ಣಿನಿಂದ ನೋಡಿದವರಲ್ಲ.

ನಾವು ಅವರನ್ನು ದೂರುವುದಿಲ್ಲ. ನೋಡೋಣವೆಂದರೆ ಎಲ್ಲಿ ನೋಡಬೇಕು? ಮುತ್ತಿನಕೊಪ್ಪದ ಅಂಗಡಿಯ ಜಗಲಿಯಲ್ಲಿ ಬೆಳಗಿನ ಪತ್ರಿಕೆಯನ್ನು ಓದುವ ಗೃಹಸ್ಥನಿಗೆ ಇಂತಹ ಸಂಗತಿಗಳು ಎರಡೇ ದಾರಿಯಿಂದ ಬರುತ್ತವೆ. ಒಂದು, ಠಾಣೆಯಿಂದ ಹೊರಬಿದ್ದ ಮಾತು. ಎರಡು, ಮೆರವಣಿಗೆಯ ಘೋಷ. ಗುಂಡು ಎಷ್ಟು ದೂರದಿಂದ ಬಂದಿತೆಂದು ಶವಪರೀಕ್ಷೆ ಮಾಡಿದ ವೈದ್ಯರು ಬರೆದರು, ದೇಹದ ಯಾವ ಭಾಗದಲ್ಲಿ ಒಳಹೊಕ್ಕಿತು, ಬಂದೂಕು ಯಾರ ಹೆಸರಿನಲ್ಲಿ ದಾಖಲಾಗಿತ್ತು, ಖಾಲಿ ತೋಟೆಗಳು ಎಷ್ಟು ಸಿಕ್ಕಿದುವು ಎಂಬ ನಾಲ್ಕು ಸಂಗತಿಗಳು ತಿಳಿದರೆ ಅರ್ಧ ಜಗಳವು ಅಲ್ಲಿಗೇ ನಿಲ್ಲುತ್ತದೆ. ಆ ನಾಲ್ಕೇ ಅವನಿಗೆ ತಿಳಿಯುವುದಿಲ್ಲ.

ಪೋಲೀಸರ ಗುಂಡಿನಿಂದ ಸಂಭವಿಸಿದ ಮರಣಗಳ ವಿಷಯದಲ್ಲಿ ಸುಪ್ರೀಂ ಕೋರ್ಟು 2014ರ ಸೆಪ್ಟೆಂಬರ್ 23ರಂದು, ಮಹಾರಾಷ್ಟ್ರ ಸರ್ಕಾರದ ಮೇಲೆ ಪೀಪಲ್ಸ್ ಯೂನಿಯನ್ ಫಾರ್ ಸಿವಿಲ್ ಲಿಬರ್ಟೀಸ್ ಸಂಸ್ಥೆಯು ಹೂಡಿದ್ದ ಮೊಕದ್ದಮೆಯಲ್ಲಿ, 16 ಸೂತ್ರಗಳನ್ನು ವಿಧಿಸಿತು. ಪ್ರಥಮ ವರದಿ ದಾಖಲಾಗಬೇಕು. ಗುಂಡು ಹಾರಿಸಿದ ತಂಡದವರಲ್ಲದ ಬೇರೆಯವರು ತನಿಖೆ ನಡೆಸಬೇಕು. ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು. ಸತ್ತವನ ಬಂಧುಗಳಿಗೆ ತಿಳಿಸಬೇಕು. ಇವೆಲ್ಲವೂ ಒಳ್ಳೆಯ ಸೂತ್ರಗಳೇ. ತನಿಕೋಡಿನ ಘಟನೆಯಾಗಿ ಐದು ತಿಂಗಳಾದ ಮೇಲೆ ಬಂದುವು. ಆದರೆ ವಿಚಾರಣೆಯ ಕಾಗದಗಳನ್ನು ಊರಿನವರು ಓದಬಹುದೆಂಬ ಸೂತ್ರವು ಆ ಹದಿನಾರರಲ್ಲಿ ಇಲ್ಲ.

ಈ ಕೊರತೆಯು ಪೋಲೀಸರ ಗುಂಡಿಗೆ ಮಾತ್ರ ಸಂಬಂಧಿಸಿದುದಲ್ಲ. ನಮ್ಮ ನಾಡಿನಲ್ಲಿ ಈಚಿನ ಕಾಲದ ಅತ್ಯಂತ ಪ್ರಸಿದ್ಧವಾದ ಗುಂಡಿನ ಖಟ್ಲೆಯನ್ನೇ ತೆಗೆದುಕೊಳ್ಳೋಣ. 2017ರ ಸೆಪ್ಟೆಂಬರ್ 5ರ ರಾತ್ರಿ ಬೆಂಗಳೂರಿನ ರಾಜರಾಜೇಶ್ವರಿನಗರದಲ್ಲಿ ಪತ್ರಿಕಾಕರ್ತೆ ಗೌರಿ ಲಂಕೇಶರು ತಮ್ಮ ಮನೆಯ ಬಾಗಿಲಲ್ಲೇ ಹತರಾದರು. ಮಲೆನಾಡಿನವರಿಗೆ ಅವರು ಅಪರಿಚಿತರಲ್ಲ. 2004ರಲ್ಲಿ ಕಾಡಿನೊಳಗೆ ಹೋಗಿ ಸಾಕೇತ್ ರಾಜನ್ನರನ್ನು ಕಂಡು ಬಂದವರಲ್ಲಿ ಒಬ್ಬರು. 2014ರ ಡಿಸೆಂಬರಿನಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಕಾಡನ್ನು ಬಿಟ್ಟು ಊರಿಗೆ ಮರಳುವುದಕ್ಕೆ ಶ್ರಮಪಟ್ಟವರಲ್ಲಿಯೂ ಒಬ್ಬರು. ಅವರ ಪತ್ರಿಕೆಯ ಅಭಿಪ್ರಾಯಗಳನ್ನು ನಾವು ಒಪ್ಪುವೆವೋ ಇಲ್ಲವೋ ಎಂಬುದು ಇಲ್ಲಿ ಅಪ್ರಕೃತ. ಬರೆದುದಕ್ಕೆ ಗುಂಡು ಉತ್ತರವಾಗುವ ನಾಡಿನಲ್ಲಿ ಯಾವ ಪಕ್ಷದ ಪತ್ರಿಕೆಯೂ ಬಾಳಲಾರದು.

ಸರ್ಕಾರವು ವಿಶೇಷ ತನಿಖಾ ದಳವನ್ನು ನೇಮಿಸಿತು. 2018ರ ನವೆಂಬರಿನಲ್ಲಿ ಅದು 18 ಮಂದಿಯ ಮೇಲೆ 9,235 ಪುಟಗಳ ದೋಷಾರೋಪಣ ಪಟ್ಟಿಯನ್ನು ಸಲ್ಲಿಸಿತು. ಗೌರಿಯವರನ್ನು ಕೊಂದುದು 7.65 ಮಿಲಿಮೀಟರಿನ ನಾಡ ಪಿಸ್ತೂಲೆಂದೂ, 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಡಾ. ಎಂ. ಎಂ. ಕಲಬುರ್ಗಿಯವರನ್ನು ಕೊಂದುದೂ ಅದೇ ಪಿಸ್ತೂಲೆಂದೂ ವಿಧಿವಿಜ್ಞಾನ ಪ್ರಯೋಗಾಲಯದ ಪರೀಕ್ಷೆಯನ್ನು ಆಧರಿಸಿ ದಳದವರು ಹೇಳಿದರು. ಮನೆಯ ಮುಂದಿನ ಕ್ಯಾಮರಾದಲ್ಲಿ ಕೆಲವು ಕ್ಷಣ ಕಾಣಿಸಿಕೊಂಡ ಹೆಲ್ಮೆಟ್ಟಿನ ಮನುಷ್ಯನ ನಡಿಗೆಯನ್ನು ಗುಜರಾತಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿದುದೂ ಸುದ್ದಿಯಾಯಿತು. 2021ರ ಅಕ್ಟೋಬರಿನಲ್ಲಿ ಆಪಾದನೆಗಳು ಗೊತ್ತಾದಾಗ, ಆಪಾದಿತರು ತಾವು ನಿರಪರಾಧಿಗಳೆಂದು ಹೇಳಿ ವಿಚಾರಣೆಯನ್ನು ಬೇಡಿದರು. 2022ರ ಜುಲೈಯಲ್ಲಿ ಸಾಕ್ಷಿಗಳ ವಿಚಾರಣೆಯು ಆರಂಭವಾಯಿತು. ಸಾಕ್ಷಿಗಳ ಪಟ್ಟಿಯಲ್ಲಿ ಹೆಸರಿದ್ದವರು 500ಕ್ಕೂ ಹೆಚ್ಚು. ವಿಚಾರಣೆಯ ನಿಧಾನವೇ ಕಾರಣವಾಗಿ 2023ರ ಡಿಸೆಂಬರಿನಲ್ಲಿ ಒಬ್ಬನಿಗೆ ಉಚ್ಚ ನ್ಯಾಯಾಲಯದಿಂದ ಜಾಮೀನು ದೊರೆಯಿತು. ಆ ಬಳಿಕ ಒಬ್ಬರ ಹಿಂದೆ ಒಬ್ಬರಿಗೆ ದೊರೆಯಿತು.

ಇಲ್ಲಿ ವಾಚಕರು ಒಂದು ವೈಚಿತ್ರ್ಯವನ್ನು ಗಮನಿಸಬೇಕು. ಪಿಸ್ತೂಲಿನ ಸುದ್ದಿ, ನಡಿಗೆಯ ಸುದ್ದಿ, ದಿನಚರಿಯ ಪುಸ್ತಕದಲ್ಲಿದ್ದ ಗುಪ್ತನಾಮಗಳ ಸುದ್ದಿ, ಇವೆಲ್ಲವೂ ತಿಂಗಳುಗಟ್ಟಲೆ ಪತ್ರಿಕೆಗಳ ಮುಖಪುಟದಲ್ಲಿ ಬಂದುವು. ಆಗ ಅವು ಯಾವ ಪರೀಕ್ಷೆಗೂ ಗುರಿಯಾಗಿರಲಿಲ್ಲ. ಅವೇ ಸಂಗತಿಗಳು ನ್ಯಾಯಾಲಯದಲ್ಲಿ ಪ್ರಮಾಣವಚನದ ಮೇಲೆ ಹೇಳಲ್ಪಟ್ಟು, ಪ್ರತಿಪಕ್ಷದ ವಕೀಲರ ಪಾಟೀಸವಾಲಿನಲ್ಲಿ ಒರೆಗೆ ಹಚ್ಚಲ್ಪಡುವ ಕಾಲಕ್ಕೆ ಒಳಪುಟದ ಮೂಲೆಯ ನಾಲ್ಕು ಸಾಲುಗಳಾದುವು. ಒರೆಗೆ ಹಚ್ಚದ ಚಿನ್ನವನ್ನು ಊರೆಲ್ಲ ಕಂಡಿತು. ಒರೆಗೆ ಹಚ್ಚಿದುದನ್ನು ಕಂಡವರು ಕೋರ್ಟಿನ ಬೆಂಚುಗಳ ಮೇಲಿದ್ದ ಹತ್ತು ಮಂದಿ. ಪತ್ರಿಕಾಕರ್ತರ ಔದಾಸೀನ್ಯವೂ ಇದಕ್ಕೆ ಕಾರಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕಾಗದವು ಕೈಗೆ ಸಿಕ್ಕದಿದ್ದರೆ ಉತ್ಸಾಹಿಯಾದ ಪತ್ರಿಕಾಕರ್ತನೂ ಏನು ಮಾಡಿಯಾನು?

ಪಾಟೀಸವಾಲು ಏಕೆ ಅಷ್ಟು ಮುಖ್ಯವೆಂದು ಕೇಳುವವರಿಗೆ ಪುಣೆಯ ಡಾ. ನರೇಂದ್ರ ದಾಭೋಲ್ಕರರ ಖಟ್ಲೆಯನ್ನು ತೋರಿಸಬಹುದು. 2013ರ ಆಗಸ್ಟ್ 20ರಂದು ಅವರೂ ಗುಂಡಿಗೆ ಬಲಿಯಾದರು. ಆ ಖಟ್ಲೆಯಲ್ಲಿ ಬೆಂಗಳೂರು, ಮುಂಬಯಿಗಳ ಪ್ರಯೋಗಾಲಯಗಳ ವರದಿಗಳು ಬಂದಮೇಲೆಯೂ ಸಿ.ಬಿ.ಐ.ಯವರು ಗುಂಡುಗಳ ಹೋಲಿಕೆಯ ವಿಷಯದಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡಿನ ಅಭಿಪ್ರಾಯವನ್ನು ಬಯಸಿದರು. ಅದು ದೊರೆಯದೆ ಅಹಮದಾಬಾದಿನ ಪ್ರಯೋಗಾಲಯದ ಕಡೆಗೆ ತಿರುಗಿದರು. 2024ರ ಮೇ 10ರಂದು ತೀರ್ಪು ಹೊರಬಿದ್ದಾಗ ಐವರಲ್ಲಿ ಇಬ್ಬರಿಗೆ ಆಜೀವ ಶಿಕ್ಷೆಯಾಯಿತು, ಮೂವರು ಬಿಡುಗಡೆ ಹೊಂದಿದರು. ತಜ್ಞರ ವರದಿಯೆಂದರೆ ಪೂರ್ಣವಿರಾಮವೆಂದು ಭಾವಿಸುವ ನಮ್ಮ ಜನಕ್ಕೆ, ತಜ್ಞರನ್ನು ಪ್ರಶ್ನೆ ಮಾಡಿದಾಗ ಏನಾಗುತ್ತದೆಂಬುದನ್ನು ಓದಲು ಅವಕಾಶವಿರಬೇಕು. ಬಿಡುಗಡೆ ಹೊಂದಿದವನ ಮನೆಯವರಿಗೂ ಇದು ಬೇಕು. ಏಕೆಂದರೆ ಬಂಧನವಾದ ದಿನ ಅವನ ಹೆಸರು ಬಿದ್ದಷ್ಟು ದೊಡ್ಡ ಅಕ್ಷರಗಳಲ್ಲಿ ಬಿಡುಗಡೆಯ ದಿನ ಅವನ ಹೆಸರು ಬೀಳುವುದಿಲ್ಲ.

ಈಗ ಕಾನೂನಿನ ಸ್ಥಿತಿಯನ್ನು ನೋಡೋಣ. ಪ್ರಥಮ ವರದಿಯನ್ನು 24 ಗಂಟೆಗಳೊಳಗಾಗಿ ಪೋಲೀಸರ ಜಾಲತಾಣದಲ್ಲಿ ಪ್ರಕಟಿಸಬೇಕೆಂದು, ಸೂಕ್ಷ್ಮವಾದ ಕೆಲವು ಪ್ರಕರಣಗಳನ್ನು ಬಿಟ್ಟು, ಸುಪ್ರೀಂ ಕೋರ್ಟು 2016ರ ಸೆಪ್ಟೆಂಬರಿನಲ್ಲಿ ಆಜ್ಞೆಮಾಡಿತು. ತೀರ್ಪುಗಳು ಎಲ್ಲರಿಗೂ ದೊರೆಯುತ್ತವೆ. ಹೀಗೆ ಕಥೆಯ ಮೊದಲ ಪುಟವೂ ಕೊನೆಯ ಪುಟವೂ ಪ್ರಜೆಯ ಕೈಯಲ್ಲಿವೆ. ನಡುವಣ ಪುಸ್ತಕವೇ ಇಲ್ಲ. ದೋಷಾರೋಪಣ ಪಟ್ಟಿಯು ಸಾರ್ವಜನಿಕ ದಸ್ತಾವೇಜಲ್ಲವೆಂದೂ, ಅದನ್ನು ಜಾಲತಾಣದಲ್ಲಿ ಹಾಕಿದರೆ ಆಪಾದಿತನಿಗೂ ನೊಂದವರಿಗೂ ಬಾಧಕವಾಗಬಹುದೆಂದೂ 2023ರ ಜನವರಿ 20ರಂದು ಸುಪ್ರೀಂ ಕೋರ್ಟು ನಿರ್ಣಯಿಸಿತು. ಕೋರ್ಟಿನ ಕಡತದಲ್ಲಿರುವ ಕಾಗದಗಳನ್ನು ಮೂರನೆಯವನು ಮಾಹಿತಿ ಹಕ್ಕಿನ ಶಾಸನದ ಮೂಲಕ ಪಡೆಯಕೂಡದು. ಆಯಾ ಉಚ್ಚ ನ್ಯಾಯಾಲಯದ ನಿಯಮಗಳ ಪ್ರಕಾರ, ಏತಕ್ಕೆ ಬೇಕೆಂಬ ಕಾರಣವನ್ನು ಪ್ರಮಾಣಪತ್ರದಲ್ಲಿ ತಿಳಿಸಿ ಅರ್ಜಿ ಹಾಕಿಕೊಂಡು ಪಡೆಯತಕ್ಕದ್ದೆಂದು ಅದೇ ಕೋರ್ಟು 2020ರ ಮಾರ್ಚ್ 4ರಂದು ಗುಜರಾತಿನ ಉಚ್ಚ ನ್ಯಾಯಾಲಯದ ಪ್ರಕರಣದಲ್ಲಿ ಹೇಳಿತು.

ಮೊದಲನೆಯ ನಿರ್ಣಯದಲ್ಲಿ ಹುರುಳಿದೆಯೆಂಬುದು ನಮ್ಮ ಅಭಿಪ್ರಾಯ. ದೋಷಾರೋಪಣ ಪಟ್ಟಿಯು ಪೋಲೀಸರ ಪಕ್ಷದ ಮಾತು. ಅದರಲ್ಲಿರುವ ಹೇಳಿಕೆಗಳು ಠಾಣೆಯಲ್ಲಿ ಬರೆದುಕೊಂಡವು. ಅವುಗಳಲ್ಲಿ ಅರ್ಧ ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ಅದನ್ನು ಊರಿಗೆ ಹಂಚಿದರೆ ವಿಚಾರಣೆಗೆ ಮುಂಚೆಯೇ ಶಿಕ್ಷೆ ವಿಧಿಸಿದಂತೆ. ಆದರೆ ಎರಡನೆಯ ನಿರ್ಣಯವು ಬೇರೆಯ ಜಾತಿಯದು. ಸಾಕ್ಷಿಯು ಕಟಕಟೆಯಲ್ಲಿ ನಿಂತು ಎಲ್ಲರ ಮುಂದೆ ನುಡಿದುದಾಯಿತು. ದಸ್ತಾವೇಜಿಗೆ ನಿಶಾನೆ ಬಿದ್ದಾಯಿತು. ಮುದ್ದೆಮಾಲನ್ನು ಎತ್ತಿ ತೋರಿಸಿದುದಾಯಿತು. ಆ ಹೊತ್ತಿಗೆ ಅಲ್ಲಿ ಕುಳಿತಿದ್ದ ಯಾವನನ್ನೂ ಏತಕ್ಕೆ ಬಂದೆಯೆಂದು ಕೇಳಲಿಲ್ಲ. ದಂಡಪ್ರಕ್ರಿಯಾ ಸಂಹಿತೆಯ 327ನೆಯ ಕಲಮು, 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಬಂದಿರುವ ಹೊಸ ಸಂಹಿತೆಯ 366ನೆಯ ಕಲಮು, ಎರಡೂ ನ್ಯಾಯಸ್ಥಾನವನ್ನು ತೆರೆದ ಬಾಗಿಲಿನದೆಂದೇ ಕರೆಯುತ್ತವೆ. ಕಿವಿಯಿಂದ ಕೇಳಲು ಕಾರಣ ಬೇಡ, ಕಣ್ಣಿನಿಂದ ಓದಲು ಮಾತ್ರ ಕಾರಣವೂ ಪ್ರಮಾಣಪತ್ರವೂ ಬೇಕು ಎಂಬುದು ಯಾವ ತರ್ಕವೋ ನಮಗೆ ತಿಳಿಯದು. ಬೆಂಗಳೂರಿನಲ್ಲಿರುವವನು ಬಸ್ಸು ಹತ್ತಿ ಹೋಗಿ ಕೇಳಬಹುದು. ಮುತ್ತಿನಕೊಪ್ಪದವನಿಗೆ ಸುಮಾರು 300 ಕಿಲೋಮೀಟರು. ಅಡಕೆಯ ಕೊಯ್ಲನ್ನು ಬಿಟ್ಟು ಅವನು ದಿನಕ್ಕೊಂದು ಸಾಕ್ಷಿಯನ್ನು ಕೇಳಿಕೊಂಡು ಬರಲಾದೀತೇ?

ಉಚ್ಚ ನ್ಯಾಯಾಲಯದ ಕಲಾಪವನ್ನು ಮನೆಯಲ್ಲೇ ಕುಳಿತು ನೋಡಬಹುದಲ್ಲಾ ಎಂದು ಕೆಲವರು ಹೇಳುತ್ತಾರೆ. 2022ರ ಜನವರಿಯಿಂದ ಕರ್ನಾಟಕದಲ್ಲಿ ಅದಕ್ಕೆ ನಿಯಮಗಳು ಜಾರಿಗೆ ಬಂದಿರುವುದು ನಿಜ. ಆದರೆ ಸಾಕ್ಷಿಗಳ ವಿಚಾರಣೆಯನ್ನೂ ಪಾಟೀಸವಾಲನ್ನೂ ಆ ನಿಯಮಗಳು ಹೊರಗಿಟ್ಟಿವೆ. ಅದು ವಿವೇಕವೇ. ಇಂದಿನ ಸಾಕ್ಷಿ ಹೇಳಿದುದನ್ನು ಮನೆಯಲ್ಲಿ ನೋಡಿಕೊಂಡು ನಾಳಿನ ಸಾಕ್ಷಿ ಪಾಠ ಒಪ್ಪಿಸಬಾರದಷ್ಟೆ. ಚಿತ್ರವನ್ನು ತೋರಿಸದಿರಲಿ; ಆ ಸಾಕ್ಷಿಗಳ ಸರದಿ ಮುಗಿದ ಮೇಲೆ ಬರಹವನ್ನು ಕೊಡಲು ಅಡ್ಡಿಯೇನು?

ಪಾಠಶಾಲೆಯಲ್ಲಿ ವ್ಯವಹಾರಾಧ್ಯಾಯವನ್ನು ಓದಿದವರಿಗೆ ನೆನಪಿರಬಹುದು. ಯಾಜ್ಞವಲ್ಕ್ಯನು ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ಹೇಳಿದ್ದಾನೆ: ವಾದಿಯ ಮಾತು, ಪ್ರತಿವಾದಿಯ ಉತ್ತರ, ಸಾಕ್ಷ್ಯವನ್ನು ಒದಗಿಸುವ ಕ್ರಿಯೆ, ಕಡೆಗೆ ನಿರ್ಣಯ. ಅದಕ್ಕೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದವನೇ, ಚಾಲುಕ್ಯ ವಿಕ್ರಮಾದಿತ್ಯನ ಕಾಲದವನು. ಇಂದು ನಮ್ಮ ಜನರ ಮುಂದೆ ನಿಂತಿರುವ ವ್ಯವಹಾರಕ್ಕೆ ಮೂರನೆಯ ಪಾದವೇ ಇಲ್ಲ.

ಮರೆಯಲ್ಲಿಟ್ಟ ಸಾಕ್ಷ್ಯದಿಂದ ಏನಾಗುತ್ತದೆಂಬುದು ಈ ದೇಶಕ್ಕೆ ಹೊಸದಲ್ಲ. 1919ರ ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗಿನಲ್ಲಿ ಗುಂಡು ಹಾರಿಸಿದ ಮೇಲೆ ಬ್ರಿಟಿಷ್ ಸರ್ಕಾರವು ಹಂಟರ್ ಸಮಿತಿಯನ್ನು ನೇಮಿಸಿತು. ಸೆರೆಮನೆಯಲ್ಲಿದ್ದ ಪಂಜಾಬಿನ ಮುಂದಾಳುಗಳನ್ನು ಹೊರಕ್ಕೆ ಬಿಡದ್ದರಿಂದ ಕಾಂಗ್ರೆಸ್ಸು ಆ ಸಮಿತಿಯ ಮುಂದೆ ಹೋಗಲಿಲ್ಲ. ಗಾಂಧೀಜಿ, ಚಿತ್ತರಂಜನ ದಾಸ್, ಅಬ್ಬಾಸ್ ತ್ಯಾಬ್ಜಿ, ಜಯಕರ್ ಇವರು ತಾವೇ ಊರೂರು ತಿರುಗಿ ಸುಮಾರು 1,700 ಹೇಳಿಕೆಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಸುಮಾರು 650ನ್ನು 1920ರಲ್ಲಿ ಅಚ್ಚುಹಾಕಿಸಿದರು. ವರದಿಯನ್ನು ಬರೆದರೆ ಸಾಲದು, ಆಧಾರವನ್ನೂ ಜನರ ಮುಂದಿಡಬೇಕೆಂಬ ಬುದ್ಧಿ ಅವರಿಗಿತ್ತು. ಹಂಟರ್ ಸಮಿತಿಯೂ ಬಹುಮಟ್ಟಿಗೆ ಬಹಿರಂಗವಾಗಿಯೇ ಕುಳಿತುದು. ಡಯರ್ ತನ್ನ ಬಾಯಿಂದಲೇ ತನ್ನನ್ನು ಬಯಲುಮಾಡಿಕೊಂಡುದು ಹಾಗೆ ಬಹಿರಂಗವಾಗಿ ನಡೆದ ಪ್ರಶ್ನೋತ್ತರದಲ್ಲಿ. ಆದರೆ ಬಾಗಿಲು ಮುಚ್ಚಿ ತೆಗೆದುಕೊಂಡ ಸಾಕ್ಷ್ಯದ ಆರನೆಯ, ಏಳನೆಯ ಸಂಪುಟಗಳನ್ನು ಸರ್ಕಾರವು ಪ್ರಕಟಿಸಲಿಲ್ಲ. ಅವು ಅಚ್ಚಾಗಿ ಹೊರಬಂದುದು 1975ರಲ್ಲಿ, ಇತಿಹಾಸಕಾರರಾದ ವಿ. ಎನ್. ದತ್ತರಿಂದ, ಆ ವೇಳೆಗೆ ಓ'ಡ್ವಯರನೂ ಇಲ್ಲ, ಡಯರನೂ ಇಲ್ಲ.

ನಮ್ಮ ಮೈಸೂರು ಸೀಮೆಯಲ್ಲಿಯೇ 1938ರ ಏಪ್ರಿಲ್ 25ರಂದು ಗೌರಿಬಿದನೂರಿನ ಬಳಿಯ ವಿದುರಾಶ್ವತ್ಥದಲ್ಲಿ ಧ್ವಜಸತ್ಯಾಗ್ರಹದ ಸಭೆಯ ಮೇಲೆ ಗುಂಡು ಹಾರಿತು. ವೇಪಾ ರಾಮೇಶಂ ಅವರ ಅಧ್ಯಕ್ಷತೆಯಲ್ಲಿ ವಿಚಾರಣೆಯೂ ನಡೆಯಿತು. ಸತ್ತವರೆಷ್ಟು ಎಂಬುದರಲ್ಲಿ ಸರ್ಕಾರದ ಲೆಕ್ಕಕ್ಕೂ ಊರವರ ಲೆಕ್ಕಕ್ಕೂ ಇಂದಿಗೂ ಹೊಂದಿಕೆಯಿಲ್ಲ. ವಿಚಾರಣೆ ನಡೆಸುವುದು ಒಂದು. ಅದರ ಆಧಾರಗಳನ್ನು ಜನರ ಕೈಗೆ ಕೊಟ್ಟು ನಂಬಿಸುವುದು ಮತ್ತೊಂದು.

ಆಕ್ಷೇಪಣೆಗಳಿಲ್ಲವೆಂದಲ್ಲ. ಸಾಕ್ಷಿಯ ಜೀವಕ್ಕೆ ಅಪಾಯವೆಂಬುದು ಅವುಗಳಲ್ಲಿ ದೊಡ್ಡದು. ಗುಂಡಿನ ಖಟ್ಲೆಯಲ್ಲಿ ಕಣ್ಣಾರೆ ಕಂಡವನು ಊರಿಗೆ ಹಿಂದಿರುಗಿ ಬಾಳಬೇಕು. ಇದಕ್ಕಾಗಿಯೇ 2018ರ ಸಾಕ್ಷಿ ಸಂರಕ್ಷಣಾ ಯೋಜನೆಯನ್ನು ಸುಪ್ರೀಂ ಕೋರ್ಟು ಆ ವರ್ಷದ ಡಿಸೆಂಬರ್ 5ರಂದು ಅಂಗೀಕರಿಸಿ ದೇಶಕ್ಕೆಲ್ಲ ಅನ್ವಯಿಸಿತು. ಹೆಸರು, ವಿಳಾಸಗಳನ್ನು ಮಸಿಯಿಂದ ಮುಚ್ಚಿ ಉಳಿದುದನ್ನು ಕೊಡುವುದು ಅಸಾಧ್ಯವಾದ ಕೆಲಸವಲ್ಲ. ಹೆಂಗಸರ, ಮಕ್ಕಳ ಮಾನಕ್ಕೆ ಸಂಬಂಧಿಸಿದ ಖಟ್ಲೆಗಳನ್ನು ಕಾನೂನೇ ಹೊರಗಿಟ್ಟಿದೆ, ಹೊರಗೇ ಇರಲಿ. ಶವದ ಚಿತ್ರಗಳನ್ನು ಹಂಚಬೇಕೆಂದು ಯಾವ ಸಭ್ಯನೂ ಕೇಳಲಾರನು. ಸತ್ತವರ ಮನೆಯವರ ದುಃಖವು ಪೇಟೆಯ ಸರಕಲ್ಲ; ವೈದ್ಯರ ಬರಹ ಸಾಕು, ಚಿತ್ರ ಬೇಡ.

ಎರಡನೆಯ ಆಕ್ಷೇಪಣೆಯು ಇದಕ್ಕಿಂತ ಸೂಕ್ಷ್ಮವಾದುದು. ನಾಲ್ಕು ಸಾಲನ್ನು ಕಿತ್ತು ತೆಗೆದು, ಬೇಕಾದ ಬಣ್ಣ ಹಚ್ಚಿ, ಮೊಬೈಲುಗಳಲ್ಲಿ ಹರಿಯಬಿಡುವವರಿಗೆ ಇದು ಒಳ್ಳೆಯ ಮೇವಾಗುತ್ತದೆ ಎನ್ನುತ್ತಾರೆ. ಆಗುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ಈಗ ಅವರಿಗೆ ಮೇವು ಕಡಿಮೆಯಾಗಿದೆಯೇ? ಕಿತ್ತು ತೆಗೆದ ನಾಲ್ಕು ಸಾಲಿಗೆ ಮದ್ದೆಂದರೆ ಉಳಿದ ನಾನೂರು ಸಾಲುಗಳು ಸಿಕ್ಕುವಂತಿರುವುದೇ. 1959ರಲ್ಲಿ ಮುಂಬಯಿಯ ನಾನಾವತಿ ಖಟ್ಲೆಯಲ್ಲಿ ಗುಂಡು ಹಾರಿಸಿದ ನೌಕಾಧಿಕಾರಿಯನ್ನು ಒಂದು ವಾರಪತ್ರಿಕೆಯು ವೀರನನ್ನಾಗಿ ಮಾಡಿತು. ಜ್ಯೂರಿಯು ಎಂಟಕ್ಕೆ ಒಂದರಂತೆ ನಿರಪರಾಧಿಯೆಂದಿತು. ಉಚ್ಚ ನ್ಯಾಯಾಲಯವೂ 1961ರಲ್ಲಿ ಸುಪ್ರೀಂ ಕೋರ್ಟೂ ಸಾಕ್ಷ್ಯವನ್ನು ತೂಗಿ ಅಪರಾಧಿಯೆಂದುವು. ಪತ್ರಿಕೆಯ ಕಥೆಯನ್ನು ಓದಿದವರು ಲಕ್ಷಗಟ್ಟಲೆ. ಸಾಕ್ಷ್ಯವನ್ನು ಓದಿದವರು ನ್ಯಾಯಾಧೀಶರು, ವಕೀಲರು.

ಠಾಣೆಯಿಂದ ಸುದ್ದಿ ಸೋರುವುದನ್ನು ನಿಲ್ಲಿಸಲು ಪೋಲೀಸರ ಪತ್ರಿಕಾ ಹೇಳಿಕೆಗಳಿಗೆ ಒಂದು ಕೈಪಿಡಿಯನ್ನು ಸಿದ್ಧಮಾಡಬೇಕೆಂದು ಸುಪ್ರೀಂ ಕೋರ್ಟು 2023ರ ಸೆಪ್ಟೆಂಬರ್ 13ರಂದು ಕೇಂದ್ರದ ಗೃಹಖಾತೆಗೆ ಆಜ್ಞೆಮಾಡಿತು. ಮೇಲೆ ಹೇಳಿದ 16 ಸೂತ್ರಗಳ ಮೊಕದ್ದಮೆಯಲ್ಲೇ ಈ ಆಜ್ಞೆಯೂ ಬಂದುದು ಯೋಗ್ಯವಾಗಿದೆ. ಆದರೆ ಒಂದು ಕಡೆ ಸೋರುವ ತೂಬನ್ನು ಮುಚ್ಚಿ ಮತ್ತೊಂದು ಕಡೆ ಕಾಲುವೆಯನ್ನು ತೆರೆಯದಿದ್ದರೆ ನೀರು ಕಟ್ಟೆಯನ್ನೇ ಒಡೆಯುತ್ತದೆ. ಇಂಗ್ಲೆಂಡಿನಲ್ಲಿ ಸರ್ಕಾರಿ ವಕೀಲರ ಖಾತೆಯವರು, ನ್ಯಾಯಾಲಯದಲ್ಲಿ ತಾವು ಆಧಾರವಾಗಿ ತೋರಿಸಿದ ನಕ್ಷೆ, ಚಿತ್ರ, ದಸ್ತಾವೇಜುಗಳನ್ನು ಪತ್ರಿಕೆಗಳವರಿಗೆ ಕೊಡುವ ಏರ್ಪಾಡನ್ನು 2005ರಲ್ಲೇ ಮಾಡಿಕೊಂಡರು. ಅಮೆರಿಕದ ಸುಪ್ರೀಂ ಕೋರ್ಟು 1978ರಲ್ಲಿ ನ್ಯಾಯಾಲಯದ ಕಾಗದಗಳನ್ನು ನೋಡುವ, ನಕಲು ಪಡೆಯುವ ಹಕ್ಕು ಸಾಮಾನ್ಯ ನ್ಯಾಯದಲ್ಲೇ ಇದೆಯೆಂದು ಒಪ್ಪಿತು, ಅದಕ್ಕೆ ಮಿತಿಯುಂಟೆಂಬುದನ್ನೂ ಹೇಳಿತು. ಅವರದನ್ನು ಹಾಗೆಯೇ ಎತ್ತಿಕೊಂಡು ಬರಬೇಕೆಂದು ನಾವು ಹೇಳುವುದಿಲ್ಲ.

ನಾವು ಕೇಳುವುದು ಇಷ್ಟು. ನಿಶಾನೆ ಬಿದ್ದ ದಸ್ತಾವೇಜಿನ ನಕಲನ್ನೂ, ಪಾಟೀಸವಾಲು ಮುಗಿದ ಸಾಕ್ಷಿಯ ನುಡಿಯ ನಕಲನ್ನೂ, ಕೇಳಿದ ಯಾವ ಪ್ರಜೆಗೇ ಆಗಲಿ, ಕಾರಣ ಕೇಳದೆ, ನಿಗದಿಯಾದ ಶುಲ್ಕಕ್ಕೆ ಕೊಡುವಂತೆ ಕರ್ನಾಟಕದ ಉಚ್ಚ ನ್ಯಾಯಾಲಯವು ತನ್ನ ನಿಯಮಗಳನ್ನು ತಿದ್ದಬೇಕು. ಯಾವುದನ್ನಾದರೂ ಕೊಡಕೂಡದೆಂದು ನ್ಯಾಯಾಧೀಶರಿಗೆ ತೋರಿದರೆ ಆ ಕಾರಣವನ್ನು ಅವರೇ ಬರೆದಿಡಲಿ. ಕಾರಣ ಹೇಳುವ ಭಾರ ಕೊಡದವರ ಮೇಲಿರಲಿ, ಕೇಳುವವನ ಮೇಲೆ ಬೇಡ. ಪೋಲೀಸರ ಗುಂಡಿನಿಂದಾದ ಮರಣಗಳಲ್ಲಿ ಖಟ್ಲೆಯೇ ನಡೆಯದೆ ಮ್ಯಾಜಿಸ್ಟ್ರೇಟರ ವಿಚಾರಣೆಯಲ್ಲಿ ಮುಗಿದುಹೋದರೆ, ಆ ವಿಚಾರಣೆಯ ವರದಿಯನ್ನು ಆಧಾರಗಳ ಸಮೇತ ಸರ್ಕಾರದವರು ತಾಲ್ಲೂಕು ಕಚೇರಿಯಲ್ಲಿ ಓದಲು ಇಡಬೇಕು. ಕೆಳಗಣ ಕೋರ್ಟುಗಳಲ್ಲಿ ಸಾಕ್ಷಿಗಳು ಆಡುವುದು ಕನ್ನಡವನ್ನೇ. ಹಾಗಿರುವಾಗ ಕನ್ನಡದಲ್ಲಿ ನುಡಿದುದನ್ನು ಕನ್ನಡದಲ್ಲೇ ಓದಲು ದೊರೆಯಬೇಕೆಂದು ಬೇರೆ ಹೇಳಬೇಕಾಗಿಲ್ಲ.

ಹಣದ ಮಾತು ಬರುತ್ತದೆ. 9,235 ಪುಟಗಳನ್ನು ಯಾರು ನಕಲು ಮಾಡುವರು ಎನ್ನುತ್ತಾರೆ. 2023ರ ಸೆಪ್ಟೆಂಬರಿನಲ್ಲಿ ಕೇಂದ್ರ ಮಂತ್ರಿಮಂಡಲವು ಕೋರ್ಟುಗಳ ಗಣಕೀಕರಣದ ಮೂರನೆಯ ಘಟ್ಟಕ್ಕೆ 7,210 ಕೋಟಿ ರೂಪಾಯಿಗಳನ್ನು ಮಂಜೂರುಮಾಡಿತು. ಹಳೆಯ, ಹೊಸ ಕಡತಗಳನ್ನೆಲ್ಲ ಯಂತ್ರದಲ್ಲಿ ಅಚ್ಚೊತ್ತಿಡುವುದು ಅದರ ಒಂದು ಮುಖ್ಯ ಭಾಗ. ಅಚ್ಚೊತ್ತಿದುದನ್ನು ಬೀರುವಿನಲ್ಲಿಟ್ಟು ಬೀಗ ಹಾಕುವುದಕ್ಕೆ ತಗಲುವ ಖರ್ಚೇ ತೆರೆದಿಡುವುದಕ್ಕೂ ತಗಲುತ್ತದೆ.

ಕೊಪ್ಪ, ನರಸಿಂಹರಾಜಪುರ, ಶೃಂಗೇರಿಗಳ ವಕೀಲರು ಈ ವಿಷಯದಲ್ಲಿ ಉಚ್ಚ ನ್ಯಾಯಾಲಯದ ರಿಜಿಸ್ಟ್ರಾರ್ ಜನರಲರಿಗೆ ಕೂಡಿ ಒಂದು ಮನವಿಯನ್ನು ಕಳುಹಿಸಬೇಕೆಂದು ನಮ್ಮ ಸೂಚನೆ. ಬೆಂಗಳೂರಿನ ವಕೀಲರು ಬರೆಯುವುದಕ್ಕಿಂತ ಇಲ್ಲಿಯವರು ಬರೆದರೆ ಅದಕ್ಕೆ ತೂಕ ಹೆಚ್ಚು. ತನಿಕೋಡಿನ ರಸ್ತೆಯಲ್ಲಿ ದಿನವೂ ಓಡಾಡುವವರು ಅವರು.